ಎರಡು ನಾಣ್ಯದ ಎತ್ತರ

ಹೋದ ಬೇಸಿಗೆ ರಜೆಗೆ ನನ್ನ ಮೊಮ್ಮಗಳು ಹಳಿಯಾಳದಿಂದ ದಾಂಡೇಲಿಗೆ ಬಂದಾಗ, ಬೆನ್ನ ಮೇಲೆ ಅವಳಷ್ಟೇ ಉದ್ದದ ಕಪ್ಪು ಚೀಲವೊಂದನ್ನು ಹೊತ್ತಿದ್ದಳು. ಬಸ್ಸಿನ ಬಾಗಿಲಲ್ಲಿ ಅದು ಸಿಕ್ಕಿಕೊಂಡು, ಕಂಡಕ್ಟರು ಬೈದು, ಕೊನೆಗೆ ಚೀಲ ಮೊದಲು ಇಳಿದು ಹುಡುಗಿ ಆಮೇಲೆ ಇಳಿದಳು. ಒಳಗಿದ್ದದ್ದು ಗಿಟಾರ್. ನಮ್ಮ ಅಳಿಯ ಗೋವಿನಜೋಳದ ಲೋಡು ಇಳಿಸಲು ಹುಬ್ಬಳ್ಳಿಗೆ ಹೋದವನು 3,800 ರೂಪಾಯಿ ಕೊಟ್ಟು ತಂದಿದ್ದ. ಲಾರಿ ಡ್ರೈವರನ ಮನೆಯಲ್ಲಿ 3,800 ಎಂದರೆ ಸಣ್ಣ ಮಾತಲ್ಲ. ಎಂಟನೇ ಇಯತ್ತೆ ಪಾಸಾದ ಮಗಳು ಎರಡು ವರ್ಷದಿಂದ ಕೇಳುತ್ತಿದ್ದಳು, ತಂದ.

ಬಂದ ದಿನ ‘ಟಿಣ್ ಟಿಣ್’ ಕೇಳಿಸಿತು. ಮರುದಿನವೂ ಸ್ವಲ್ಪ ಕೇಳಿಸಿತು. ಮೂರನೆಯ ದಿನದಿಂದ ಗಿಟಾರು ಮಂಚದ ಮೇಲೆ ಮಲಗಿತು, ಹುಡುಗಿ ಮೊಬೈಲು ಹಿಡಿದಳು.

“ಯಾಕ ತಂಗಿ, ಬಾರ್ಸೂದಿಲ್ಲೇನು?” ಎಂದೆ.

“ಬೆರಳು ನೋಯಾಕತ್ತಾವ ಅಜ್ಜಾ,” ಎಂದು ಎಡಗೈ ಚಾಚಿದಳು. ನಾಲ್ಕು ಬೆರಳ ತುದಿಯಲ್ಲೂ ಬ್ಲೇಡಿನಲ್ಲಿ ಎಳೆದಂಥ ಕೆಂಪು ಗೆರೆ.

ಆಗ ನಾನು ಹೇಳಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. “ನೋಯ್ಲಿ ಬಿಡು. ನಾ ಪೇಪರ್ ಮಿಲ್ಲಿಗೆ ಸೇರಿದಾಗ ಅಂಗೈ ತುಂಬ ಗುಳ್ಳಿ ಎದ್ದಿದ್ದು. ಬಿಟ್ಟು ಓಡಿ ಬಂದ್ನೇನು?” ಎಂದುಬಿಟ್ಟೆ. ಮೂವತ್ತೊಂದು ವರ್ಷ ಫಿಟ್ಟರ್ ಆಗಿ ದುಡಿದವನ ಜಂಬ. ಹುಡುಗಿ ಏನೂ ಅನ್ನಲಿಲ್ಲ. ರಾತ್ರಿ ಅಜ್ಜಿಯ ಪಕ್ಕದಲ್ಲಿ ಮಲಗಿ ಪಿಸುಗುಟ್ಟಿದ್ದು ಮಾತ್ರ ನನ್ನ ಕಿವಿಗೂ ಬಿತ್ತು: “ಅಜ್ಜೀ, ಅಪ್ಪಗ ಹೇಳಬ್ಯಾಡ. ನನ್ನ ಬೆರಳು ಸಣ್ಣ ಅದಾವಂತ, ನನಗ ಬರೂದಿಲ್ಲಂತ. ಯಾರಿಗರ ಮಾರಿ ರೊಕ್ಕ ವಾಪಸ್ ಕೊಟ್ಟುಬಿಡೋಣು.”

ಹಾಗೆಂದು ಅವಳಿಗೆ ಯಾರು ಹೇಳಿದರೋ ನಾನು ಕೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ನಾನೇ ಹೇಳಿದ್ದೆನಲ್ಲ.

ಆ ವಾರ ಮುಂಡಗೋಡದಲ್ಲಿ ನಮ್ಮ ತಂಗಿಯ ಮನೆಯ ವಾಸ್ತು ಇತ್ತು. ಕಾರ್ಯ ಮುಗಿಸಿ ಸಂಜೆ ಮಕ್ಕಳನ್ನೆಲ್ಲ ಕಟ್ಟಿಕೊಂಡು ಟಿಬೇಟಿಯನ್ ಕಾಲನಿ ನೋಡಲು ಹೋದೆವು. 1966ರಲ್ಲಿ ಅವರಿಗೆ ಅಲ್ಲಿ ಜಾಗ ಸಿಕ್ಕಿದ್ದು. ಈಗ ಡ್ರೆಪುಂಗ್, ಗಾಂಡೆನ್ ಮಠಗಳ ಬಂಗಾರದ ಬಣ್ಣದ ಮಾಡುಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮಠ ನೋಡಿ ಒಂದು ಚಹಾದಂಗಡಿಯಲ್ಲಿ ಕೂತೆವು. ಗೋಡೆಗೆ ಉದ್ದ ಕತ್ತಿನ ವಾದ್ಯವೊಂದು ತೂಗಿತ್ತು. ಅಂಗಡಿಯ ಮುದುಕ ನಮ್ಮಷ್ಟೇ ಚೊಲೋ ಕನ್ನಡ ಮಾತಾಡುತ್ತಿದ್ದ. “ಇದು ದ್ರಾನ್ಯೆನ್. ಆರು ತಂತಿ, ಎರಡೆರಡು ಜೋಡಿ ಮಾಡಿ ಮೂರು ಸಾಲು,” ಎಂದು ಇಳಿಸಿ ತೋರಿಸಿದ. ನಮ್ಮ ಹುಡುಗಿ ಕತ್ತಿನ ಮೇಲೆ ಕೈಯಾಡಿಸಿ, “ಇದಕ್ಕ ಫ್ರೆಟ್ಟೇ ಇಲ್ಲಲ್ಲ!” ಎಂದಳು. “ಇಲ್ಲ. ಎಲ್ಲಿ ಒತ್ತಬೇಕು ಅಂತ ಬೆರಳಿಗೇ ಗೊತ್ತಿರಬೇಕು. ತಗೋ, ಬಾರ್ಸು,” ಎಂದು ಅವಳ ಮಡಿಲಿಗೇ ಇಟ್ಟ.

ಅವಳು ಒತ್ತಿ ಮೀಟಿದಳು. ದುಂಡಗೆ ಒಂದು ನಾದ ಬಂತು. ಮತ್ತೊಂದು ಕಡೆ ಒತ್ತಿದಳು, ಅಲ್ಲೂ ಬಂತು. ಬೆರಳು ನೋಡಿಕೊಂಡಳು. “ಅಜ್ಜಾ, ಇದು ನೋಯೂದೇ ಇಲ್ಲ.”

ದ್ರಾನ್ಯೆನ್‌ಗೆ ಹಿಂದೆ ಕರುಳಿನ ತಂತಿ ಹಾಕುತ್ತಿದ್ದರಂತೆ, ಈಗ ನೈಲಾನ್. ಗಿಟಾರಿನದು ಉಕ್ಕು. ಆ ಮೆದುವು ಒಂದು ಕಾರಣ ಇದ್ದೀತು. ಆದರೆ ನನ್ನ ಕಣ್ಣು ಬೇರೆಡೆ ನೆಟ್ಟಿತ್ತು: ಅಲ್ಲಿ ತಂತಿ ಕತ್ತಿನ ಮರಕ್ಕೆ ತೀರ ಹತ್ತಿರ ಇತ್ತು. ವಾಪಸು ಬರುವಾಗ ಕಲಘಟಗಿ ದಾಟುವವರೆಗೂ ಅದೇ ತಲೆಯಲ್ಲಿ. ಮಶೀನು ಕಿರುಗುಟ್ಟಿದರೆ ಮೊದಲು ಬೇರಿಂಗ್ ನೋಡುತ್ತಿದ್ದೆ, ಆಪರೇಟರನನ್ನು ಬೈಯುತ್ತಿರಲಿಲ್ಲ. ಇಲ್ಲಿ ಮಾತ್ರ ಯಾಕೆ ಹುಡುಗಿಯನ್ನು ಬೈದೆ?

ಮನೆಗೆ ಬಂದವನೇ ಗಿಟಾರನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ಒಂದು ಕಣ್ಣು ಮುಚ್ಚಿ ನೋಡಿದೆ. ಕತ್ತಿನ ಮೇಲೆ ಅಡ್ಡಕ್ಕೆ ಸಾಲಾಗಿ ಲೋಹದ ಪಟ್ಟಿಗಳಿವೆ. ವೀಣೆಯವರು ಮೆಟ್ಟು ಎನ್ನುವುದನ್ನೇ ಗಿಟಾರಿನವರು ಫ್ರೆಟ್ ಎನ್ನುತ್ತಾರೆ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟೆ. ತಂತಿಯ ಕೆಳಗೆ ಸಲೀಸಾಗಿ ಹೋಯಿತು. ಅದರ ಮೇಲೆ ಇನ್ನೊಂದಿಟ್ಟೆ. ಅದೂ ಹೋಯಿತು! ಸ್ಕೇಲಿನಲ್ಲಿ ಅಳೆದರೆ ಫ್ರೆಟ್ಟಿನ ತಲೆಯಿಂದ ದಪ್ಪ ತಂತಿಗೆ ನಾಲ್ಕು ಮಿಲಿಮೀಟರ್. ತಂತಿಯನ್ನು ನಾನೇ ಒತ್ತಿದೆ. ಸ್ಪ್ಯಾನರ್ ತಿರುಗಿಸಿ ಜಡ್ಡುಗಟ್ಟಿದ ನನ್ನ ಬೆರಳೂ ‘ಹಾ’ ಎಂದಿತು.

“ತಂಗೀ, ಬಾ ಇಲ್ಲಿ. ನಿನ್ನ ಬೆರಳು ಸರಿ ಅದಾವ. ತಪ್ಪು ಇದರದು. ಮತ್ತ ನನ್ನದು,” ಎಂದೆ.

ಆದರೆ ನಾನು ಬಲ್ಲದ್ದು ಮಶೀನು, ವಾದ್ಯವಲ್ಲ. ನಮ್ಮೂರಲ್ಲಿ ಚರ್ಚಿನ ಹಾಡುಗಳಿಗೆ ಗಿಟಾರ್ ನುಡಿಸುವ ಹಳೆಯ ಸ್ನೇಹಿತರೊಬ್ಬರಿದ್ದಾರೆ. ಮಿಲ್ಲಿನಲ್ಲಿ ನನ್ನದೇ ಪಾಳಿಯಲ್ಲಿದ್ದವರು. ಮೊಮ್ಮಗಳೊಡನೆ ಅವರ ಮನೆಗೆ ಹೋದೆ. ಗಿಟಾರನ್ನು ಒಮ್ಮೆ ಮೀಟಿ ನಕ್ಕರು. “ಅಗ್ಗದ ಗಿಟಾರು ಕೆಟ್ಟ ಗಿಟಾರಲ್ಲ ಮಾರಾಯಾ. ದುಬಾರಿ ಗಿಟಾರಿಗೆ ಕಡೀಕ ಒಬ್ಬ ಕೂತು ಹೊಂದಿಸಿರ್ತಾನ, ಇದಕ್ಕ ಯಾರೂ ಕೂತಿಲ್ಲ. ಅಷ್ಟ. ತಂತಿ ಕೆಳಗ ಇದ್ರ ಝರ್ ಅಂತೈತಿ ಅಂತ ಕಾರ್ಖಾನೆಯವರು ಎತ್ತರ ಬಿಟ್ಟು ಕಳಿಸ್ತಾರ. ನೋಡು, ಮೊದಲು ಕತ್ತು, ಆಮೇಲೆ ನಟ್, ಕಡೀಕ ಜೀನು. ಈ ಸಾಲು ತಪ್ಪಿಸಬ್ಯಾಡ.”

ನಟ್ ಎಂದ ಕೂಡಲೇ ನನಗೆ ಬೋಲ್ಟು ನೆನಪಾಯಿತು. ಇಲ್ಲಿ ನಟ್ ಎಂದರೆ ಕತ್ತಿನ ತುದಿಯಲ್ಲಿ, ಬಿರಡೆಗಳ ಹತ್ತಿರ, ತಂತಿಗಳು ಕೂರುವ ಆರು ಗೀರಿನ ಬಿಳಿಯ ಪಟ್ಟಿ. ಈಚೆ ಹೊಟ್ಟೆಯ ಮೇಲೆ ಇರುವುದು ಬ್ರಿಜ್. ನಮ್ಮ ವೀಣೆ, ಪಿಟೀಲಿನವರು ಅದನ್ನು ಕುದುರೆ ಎನ್ನುತ್ತಾರೆ. ಗಿಟಾರಿನಲ್ಲಿ ಆ ಕುದುರೆಯ ಮೇಲೆ ಇನ್ನೊಂದು ಬಿಳಿಯ ಪಟ್ಟಿ ನಿಂತಿರುತ್ತದೆ, ಅದರ ಹೆಸರು ಸ್ಯಾಡಲ್, ಅಂದರೆ ಜೀನು! ಕುದುರೆಗೆ ಜೀನು ಇರಲೇಬೇಕಲ್ಲ ಎಂದು ಮೊಮ್ಮಗಳು ನಕ್ಕಳು. ಒಂದು ವಾರದ ಮೇಲೆ ಅವಳು ನಕ್ಕದ್ದು ಅವತ್ತೇ.

ಮೊದಲು ಕತ್ತು. ಆರು ಉಕ್ಕಿನ ತಂತಿಗಳು ಸೇರಿ ಸುಮಾರು 60–70 ಕಿಲೋ ಭಾರದಷ್ಟು ಬಲದಲ್ಲಿ ಕತ್ತನ್ನು ಎಳೆಯುತ್ತಿರುತ್ತವೆ. ದೊಡ್ಡ ಮನುಷ್ಯನೊಬ್ಬ ಹಗಲೂ ರಾತ್ರಿ ಜೋತಾಡಿದ ಹಾಗೆ. ಬಿಲ್ಲಿನಂತೆ ಬಾಗದೆ ಏನು ಮಾಡೀತು? ಅದಕ್ಕೆಂದೇ ಕತ್ತಿನ ಒಳಗೆ ಉಕ್ಕಿನ ಸರಳು ಇಟ್ಟಿರುತ್ತಾರೆ. ತಿರುಗಿಸಿ ಬಿಗಿ ಮಾಡಬಹುದಾದ ಇಂಥ ಸರಳಿಗೆ ಅಮೆರಿಕದ ಗಿಬ್ಸನ್ ಕಂಪನಿಯ ಥಡೇಯಸ್ ಮೆಕ್‌ಹ್ಯೂ ಎಂಬವರು 1921ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ನೂರು ವರ್ಷ ದಾಟಿದರೂ ಅದೇ ಉಪಾಯ ನಮ್ಮ 3,800 ರೂಪಾಯಿಯ ಗಿಟಾರಿನಲ್ಲೂ ಇದೆ. ಎಲ್ಲ ಅಗ್ಗದ ಗಿಟಾರಿನಲ್ಲೂ ಇರುವುದಿಲ್ಲ. ಕತ್ತಿನ ಬುಡದಲ್ಲೋ ತಲೆಯಲ್ಲೋ ಕೀಲಿ ಕೂರುವ ತೂತು ಕಂಡರೆ ಉಂಟು ಎಂದರ್ಥ.

ದಪ್ಪ ತಂತಿಯನ್ನು ಒಂದನೆಯ ಫ್ರೆಟ್ಟಿನಲ್ಲೂ ಹದಿನಾಲ್ಕನೆಯದರಲ್ಲೂ ಒಟ್ಟಿಗೆ ಒತ್ತಿ ಹಿಡಿದರೆ ತಂತಿಯೇ ಸ್ಕೇಲಿನಂತೆ ನೆಟ್ಟಗಾಗುತ್ತದೆ. ನಡುವೆ, ಏಳನೆಯ ಫ್ರೆಟ್ಟಿನ ಹತ್ತಿರ, ಸಂದು ಎಷ್ಟಿದೆ ನೋಡಬೇಕು. ಇಲ್ಲಿ ನನ್ನ ಹಳೆಯ ಫೀಲರ್ ಗೇಜ್ ಹೊರಬಂತು. ಬೀಸಣಿಗೆಯಂತೆ ಬಿಚ್ಚುವ ಉಕ್ಕಿನ ತೆಳು ಎಲೆಗಳು, ಒಂದೊಂದರ ಮೇಲೂ ದಪ್ಪದ ಅಳತೆ ಕೆತ್ತಿರುತ್ತದೆ. ನಿವೃತ್ತಿಯ ದಿನ ಡಬ್ಬಿಗೆ ಹಾಕಿದ್ದು, ಎಣ್ಣೆ ವಾಸನೆ ಇನ್ನೂ ಹೋಗಿರಲಿಲ್ಲ. “ಏನ್ರೀ, ಮಿಲ್ ಬಿಟ್ರೂ ಡ್ಯೂಟಿ ಬಿಡಲಿಲ್ಲ ನೀವು,” ಎಂದು ನನ್ನಾಕೆ ನಕ್ಕಳು. ಸಂದು 0.6 ಮಿ.ಮೀ. ಇತ್ತು. 0.25ರ ಆಸುಪಾಸು ಇರಬೇಕೆಂದು ಸ್ನೇಹಿತರು ಹೇಳಿದ್ದರು.

ತಂತಿಗಳನ್ನು ಸ್ವಲ್ಪ ಸಡಿಲಿಸಿ, ಅಲನ್ ಕೀ ಕೂರಿಸಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕಾಲು ಸುತ್ತು. ಅಷ್ಟೇ. ದೊಡ್ಡ ದೊಡ್ಡ ರೋಲರುಗಳ ಬೋಲ್ಟು ಬಿಗಿದ ನನ್ನ ಕೈ ಆ ಕಾಲು ಸುತ್ತಿಗೆ ನಡುಗಿತು. ಬಿಗಿಯೆನಿಸಿದರೆ ಒತ್ತಾಯ ಮಾಡಬಾರದು, ಒಳಗಿನ ಸರಳು ತುಂಡಾದರೆ ಗಿಟಾರಿನ ಕತೆ ಮುಗಿದಂತೆ. ಮರಳಿ ಶ್ರುತಿ ಮಾಡಿ ರಾತ್ರಿಯಿಡೀ ಬಿಟ್ಟೆವು. ಮರ ಹೇಳಿದ ಕೂಡಲೇ ಕೇಳುವುದಿಲ್ಲ. ಮರುದಿನ 0.4. ಇನ್ನೂ ಅರೆಕಾಲು ಸುತ್ತು, ಇನ್ನೂ ಒಂದು ರಾತ್ರಿ. ಆಗ 0.25ರ ಎಲೆ ತಂತಿಗೆ ಸವರಿಕೊಂಡು ಹೋಯಿತು.

ಮರದ ಮಾತು ನಮ್ಮ ಸೀಮೆಯವರಿಗೆ ಬೇರೆ ಹೇಳಬೇಕಿಲ್ಲ. ಜೋಯಿಡಾದ ಕಡೆ ನಮ್ಮ ಸೋದರಮಾವನ ಮನೆಯ ತಲೆಬಾಗಿಲು ಆಷಾಢದಲ್ಲಿ ಹಾಕಿದರೆ ತೆಗೆಯಲಾಗದು, ಬೇಸಿಗೆಯಲ್ಲಿ ಸಂದಿನಿಂದ ಅಂಗಳ ಕಾಣುತ್ತದೆ. ತೇಗದ ಬಾಗಿಲೇ ಹೀಗಾದರೆ ಕಾಗದದಷ್ಟು ತೆಳುವಾದ ಗಿಟಾರಿನ ಹೊಟ್ಟೆಯ ಪಾಡೇನು? ಮಳೆಗಾಲದಲ್ಲಿ ಅದು ತೇವ ಕುಡಿದು ಉಬ್ಬುತ್ತದೆ, ಕುದುರೆಯನ್ನು ಎತ್ತುತ್ತದೆ, ತಂತಿಯೂ ಏರುತ್ತದೆ. ಬೇಸಿಗೆಯಲ್ಲಿ ಕತ್ತಿನ ಮರ ಸೊರಗಿ ಫ್ರೆಟ್ಟಿನ ತುದಿಗಳು ಹೊರಗೆ ಚಾಚುತ್ತವೆ. ನಮ್ಮ ಗಿಟಾರಿನಲ್ಲಿ ಕೈ ಜಾರಿಸಿದರೆ ಬಾರೆಮುಳ್ಳಿನಂತೆ ಗೀರುತ್ತಿದ್ದದ್ದು ಇದಕ್ಕೇ. ಮರಕ್ಕೆ ಟೇಪು ಅಂಟಿಸಿ, ಸಣ್ಣ ಅರದಿಂದ ತುದಿಗಳನ್ನು ಓರೆಯಾಗಿ ಉಜ್ಜಿ ದುಂಡು ಮಾಡಿದೆವು. ಇದು ಪೂರ್ತಿ ಮೊಮ್ಮಗಳ ಕೆಲಸ. ನಲವತ್ತು ತುದಿಗಳನ್ನು ಎರಡು ಮಧ್ಯಾಹ್ನ ಕೂತು ಮುಗಿಸಿದಳು.

ನಟ್ಟನ್ನು ನಾನು ಮುಟ್ಟಲಿಲ್ಲ. ತಂತಿಯನ್ನು ಎರಡು ಮತ್ತು ಮೂರನೆಯ ಫ್ರೆಟ್ಟಿನ ನಡುವೆ ಒತ್ತಿದಾಗ ಒಂದನೆಯ ಫ್ರೆಟ್ಟಿನ ಮೇಲೆ ಕೂದಲೆಳೆಯಷ್ಟೇ ಸಂದು ಉಳಿಯಬೇಕು. ನಮ್ಮದರಲ್ಲಿ ಲಗ್ನಪತ್ರಿಕೆ ತೂರುವಷ್ಟಿತ್ತು. ಹುಡುಗಿಯನ್ನು ಅಳಿಸಿದ ಎಫ್ ಕಾರ್ಡಿನ ಗುಟ್ಟು ಅಲ್ಲೇ ಇತ್ತು. ಎಫ್ ಹಿಡಿಯುವುದು ಒಂದನೆಯ ಫ್ರೆಟ್ಟಿನಲ್ಲಿ, ನಟ್ಟಿಗೆ ತಾಗಿದ ಹಾಗೆ. ಅಲ್ಲಿ ತಂತಿ ಎತ್ತರ ಇದ್ದರೆ ಪೈಲ್ವಾನನಿಗೂ ಬಗ್ಗದು. ಸ್ನೇಹಿತರು ತಮ್ಮಲ್ಲಿದ್ದ ಸೂಜಿಯಂಥ ಅರಗಳಿಂದ, ತಲೆಯ ಕಡೆಗೆ ಇಳಿಜಾರು ಬರುವಂತೆ, ನಾಲ್ಕು ಸಲ ಉಜ್ಜುವುದು, ಒಮ್ಮೆ ನೋಡುವುದು, ಹೀಗೆ ಒಂದೂವರೆ ತಾಸು ಕೂತರು. ಕೊನೆಗೆ ಗೀರುಗಳಲ್ಲಿ ಪೆನ್ಸಿಲಿನ ಸೀಸ ಉಜ್ಜಿದರು, ತಂತಿ ಸಲೀಸಾಗಿ ಜಾರಲೆಂದು. ಕಾಸು ಕೇಳಲಿಲ್ಲ. ನನ್ನಾಕೆ ಮಾಡಿದ ಕರದಂಟು ಕೊಟ್ಟು ಬಂದೆವು.

ಇನ್ನು ಉಳಿದದ್ದು ಜೀನು. ಎಡವಿದ್ದು ಇಲ್ಲೇ.

ಕತ್ತು ಸರಿಯಾದ ಮೇಲೆ ತಂತಿಯ ಎತ್ತರ ಹನ್ನೆರಡನೆಯ ಫ್ರೆಟ್ಟಿನಲ್ಲಿ 3.7 ಮಿ.ಮೀ.ಗೆ ಇಳಿದಿತ್ತು. ನಮಗೆ ಬೇಕಾದದ್ದು 2.6. ಇಳಿಸಬೇಕಾದದ್ದು 1.1. ಹಾಗಾದರೆ ಜೀನಿನಿಂದ ಎಷ್ಟು ಉಜ್ಜಬೇಕು? ಪುಟ್ಟ ಓದುಗರು ಇಲ್ಲಿ ಒಂದು ಗಳಿಗೆ ಯೋಚಿಸಿ ನೋಡಿ. ಮೊಮ್ಮಗಳು ಟೇಪು ಹಿಡಿದಳು. ನಟ್ಟಿನಿಂದ ಜೀನಿಗೆ 650 ಮಿ.ಮೀ., ನಟ್ಟಿನಿಂದ ಹನ್ನೆರಡನೆಯ ಫ್ರೆಟ್ಟಿಗೆ 325. ಸರಿಯಾಗಿ ಅರ್ಧ! “ಅಂದ್ರ ಅಲ್ಲಿ ಎರಡು ಇಳಿಸಿದ್ರ ಇಲ್ಲಿ ಒಂದು ಇಳೀತೈತಿ. 2.2 ಉಜ್ಜಬೇಕು ಅಜ್ಜಾ,” ಎಂದು ವಹಿಯಲ್ಲಿ ಬರೆದಳು.

ಆ ಅರ್ಧದ ಹಿಂದೆ ಒಂದು ಸೊಗಸಾದ ಲೆಕ್ಕ ಇದೆ. ಗೆಲಿಲಿಯೋ ಗೊತ್ತಲ್ಲ, ದೂರದರ್ಶಕದಿಂದ ಗುರುಗ್ರಹದ ಚಂದ್ರರನ್ನು ಕಂಡವನು. ಅವನ ತಂದೆ ವಿಂಚೆಂಜೊ ಗೆಲಿಲಿ ತಂತಿವಾದ್ಯ ನುಡಿಸುವವನು. ಉಳಿದ ಉದ್ದದ ಹದಿನೆಂಟನೆಯ ಒಂದು ಭಾಗಕ್ಕೆ ಒಂದೊಂದು ಮೆಟ್ಟು ಹಾಕುತ್ತ ಹೋಗಿ ಎಂದು 1581ರ ತನ್ನ ಪುಸ್ತಕದಲ್ಲಿ ಬರೆದ. ನಮ್ಮ ಗಿಟಾರಿಗೆ ಹಾಗೆ ಲೆಕ್ಕ ಹಾಕಿದರೆ ಹನ್ನೆರಡನೆಯ ಮೆಟ್ಟು ಅರ್ಧಕ್ಕಿಂತ ಎರಡು ಮಿಲಿಮೀಟರು ಚಿಲ್ಲರೆ ಮೊದಲೇ ಬರುತ್ತದೆ. ಈಗಿನವರು 18ರ ಬದಲು 17.817ರಿಂದ ಭಾಗಿಸುತ್ತಾರೆ, ಆಗ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ ಬಂದು ಕೂರುತ್ತದೆ. ಕ್ಯಾಲ್ಕುಲೇಟರ್ ಇದ್ದರೆ ಮಾಡಿ ನೋಡಿ, ಮಳೆಯ ಮಧ್ಯಾಹ್ನಕ್ಕೆ ಒಳ್ಳೆಯ ಆಟ.

ನಮ್ಮ ಜೀನಿಗೆ ಬರೋಣ. ತಂತಿಗಳನ್ನು ಪೂರ್ತಿ ಸಡಿಲಿಸಿ ಅದನ್ನು ಕಿತ್ತೆವು. ಮೇಲ್ಭಾಗ ದುಂಡಗಿರುತ್ತದೆ, ಅದನ್ನು ಮುಟ್ಟಬಾರದು, ತಳ ಉಜ್ಜಬೇಕು. ಮೊಮ್ಮಗಳು ಚೂಪು ಪೆನ್ಸಿಲಿನಿಂದ 2.2ಕ್ಕೆ ಗೆರೆ ಎಳೆದುಕೊಟ್ಟಳು. ಗಾಜಿನ ಮೇಲೆ ಪಾಲಿಶ್ ಪೇಪರ್ ಅಂಟಿಸಿ ನಾನು ಉಜ್ಜತೊಡಗಿದೆ. ಎಷ್ಟೋ ವರ್ಷದ ಮೇಲೆ ಕೈಗೆ ಕೆಲಸ ಸಿಕ್ಕ ಹುಮ್ಮಸ್ಸು. ಬಾಯಲ್ಲಿ ಮಿಲ್ಲಿನ ಹಳೆಯ ಕತೆ. “ಅಜ್ಜಾ, ಗೆರಿ ಬಂತು,” ಎಂದಳು. “ಹೂಂ ಹೂಂ,” ಎಂದೆ. “ಅಜ್ಜಾ, ಗೆರಿ ದಾಟಿತು!” ಎಂದಳು. ನೋಡುತ್ತೇನೆ, ಗೆರೆಯೇ ಇಲ್ಲ.

ಹಾಕಿ ಶ್ರುತಿ ಮಾಡಿ ಮೀಟಿದರೆ ದಪ್ಪ ತಂತಿ ಫ್ರೆಟ್ಟಿಗೆ ಬಡಿದು ‘ಝರ್ರ್’ ಎಂದಿತು. 2.2ಕ್ಕೆ ಇಳಿದುಬಿಟ್ಟಿತ್ತು. ಹುಡುಗಿ ಮಾತಾಡಲಿಲ್ಲ. ಅಪ್ಪನ 3,800 ಅವಳ ಮುಖದ ಮೇಲೆ ಬರೆದಂತಿತ್ತು. ಆ ರಾತ್ರಿ ಉಂಡ ಅನ್ನ ನನಗೆ ರುಚಿಸಲಿಲ್ಲ.

ಬೆಳಿಗ್ಗೆ ಸ್ನೇಹಿತರಿಗೆ ಫೋನು ಮಾಡಿದೆ. ಅವರು ಹೊಟ್ಟೆ ಹಿಡಿದು ನಕ್ಕರು. “ದಾಂಡೇಲಿಯೊಳಗ ಇದ್ದು ಕಾಗದಕ್ಕ ಬರಗಾಲ ಏನೋ ನಿನಗ? ಜೀನಿನ ತಳಕ್ಕ ಒಂದೆರಡು ಪಟ್ಟಿ ಕತ್ತರಿಸಿ ಇಡು. ಮುಂದ ಹೊಸಾ ಜೀನು ಹಾಕಿದ್ರಾತು.”

ಇಲ್ಲಿ 0.4 ಏರಬೇಕೆಂದರೆ ಅಲ್ಲಿ 0.8. ಈ ಸಲ ಲೆಕ್ಕವೂ ಅವಳದೇ, ಕತ್ತರಿಯೂ ಅವಳದೇ. ಹಳೆಯ ಲಗ್ನಪತ್ರಿಕೆಗಳನ್ನು ಫೀಲರ್ ಗೇಜಿಗೆ ಹೋಲಿಸಿ 0.4 ದಪ್ಪದ್ದೊಂದನ್ನು ಆರಿಸಿ, ಎರಡು ಪಟ್ಟಿ ಕತ್ತರಿಸಿದಳು. ನನ್ನ ಕೆಲಸ ಬರೀ ಬ್ಯಾಟರಿ ಹಿಡಿಯುವುದು.

ತಂತಿಯ ಕೆಳಗೆ ಏನಾದರೂ ಇಟ್ಟು ನಾದ ತಿದ್ದುವುದು ನಮ್ಮ ಕಡೆ ಹೊಸದೂ ಅಲ್ಲ. ತಂಬೂರಿಯವರು ಕುದುರೆಯ ಮೇಲೆ ತಂತಿಯಡಿ ಒಂದು ಎಳೆ ದಾರ ಇಟ್ಟು ಆಚೀಚೆ ಸರಿಸುತ್ತಾರೆ. ಕುದುರೆಯ ಮೈಯನ್ನು ಕೂದಲೆಳೆಯಷ್ಟು ಉಜ್ಜಿ ಹದ ಮಾಡುವ ಆ ವಿದ್ಯೆಗೆ ಜವಾರಿ ಎಂದು ಹೆಸರು. ನಮಗೆ ಜವಾರಿ ಎಂದರೆ ಕೋಳಿ, ಸೌತೆಕಾಯಿ; ಧಾರವಾಡದ ಗವಾಯಿಗಳಿಗೆ ಅದು ತಂಬೂರಿಯ ಜೀವ. ಮಿರಜದಲ್ಲಿ ಇದನ್ನೇ ಕಸುಬು ಮಾಡಿಕೊಂಡ ಮನೆತನಗಳಿವೆ. ವೀಣೆಯವರಂತೂ 24 ಮೆಟ್ಟುಗಳನ್ನು ಮೇಣದಲ್ಲಿ ಕೂರಿಸಿ, ಕಿವಿಯಿಂದಲೇ ಅಳೆದು ಮೇಳ ಕಟ್ಟುತ್ತಾರೆ. ಅವರ ಮುಂದೆ ನಮ್ಮ ಫೀಲರ್ ಗೇಜು ಏನೂ ಅಲ್ಲ.

ಹೊಸ ತಂತಿಗಳನ್ನೂ ಹಾಕಿದೆವು. ಮೊದಲಿದ್ದವು ತುಕ್ಕು ಹಿಡಿದಿದ್ದವು, ದಪ್ಪವೂ ಹೆಚ್ಚು. ಅಂಗಡಿಯಲ್ಲಿ ‘ಹನ್ನೊಂದು’ ಎಂದು ಕೇಳಿದರೆ ಸಾಕು. ಅತಿ ಸಣ್ಣ ತಂತಿ ಇಂಚಿನ ಸಾವಿರದ ಹನ್ನೊಂದು ಭಾಗದಷ್ಟು ದಪ್ಪ ಎಂದರ್ಥ. ಬಿರಡೆಗೆ ಎರಡು ಮೂರು ಸುತ್ತು ಸುತ್ತಿ ಉಳಿದ ತುದಿ ಕತ್ತರಿಸುವಾಗ ಮುಖ ದೂರ ಇಟ್ಟುಕೊಳ್ಳಿ, ಆ ತುದಿ ಸೂಜಿಯಂತೆ ಹಾರುತ್ತದೆ.

ಕೊನೆಗೆ ಮೊಬೈಲಿನ ಶ್ರುತಿಯಂತ್ರದಲ್ಲಿ ಪರೀಕ್ಷೆ. ಐದನೆಯ ತಂತಿ ಬಿಟ್ಟು ಮೀಟಿದರೆ 110, ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದರೆ ಸರಿಯಾಗಿ ಅದರ ಎರಡರಷ್ಟು, 220 ಬರಬೇಕು. ಮೊದಲು ಯಾವಾಗಲೂ ಮೇಲೆ ಹೋಗುತ್ತಿತ್ತು. ಎತ್ತರದ ತಂತಿಯನ್ನು ಕೆಳಗೆ ಒತ್ತಿದಾಗ ಅದು ಹಿಗ್ಗಿ ಸ್ವರ ಏರುತ್ತದಂತೆ. ಎಂದರೆ ಹುಡುಗಿ ಸರಿಯಾದ ಜಾಗದಲ್ಲಿ ಒತ್ತಿದರೂ ಬರುತ್ತಿದ್ದದ್ದು ಅಪಸ್ವರ. ಈಗ ಮುಳ್ಳು 220ರ ಮೇಲೆ ಬಂದು ನಿಂತಿತು. ಒಂದು ನಾಣ್ಯ ತಂತಿಯಡಿ ಹೋಯಿತು, ಎರಡನೆಯದು ಹೋಗಲಿಲ್ಲ.

ಎಫ್ ಅವತ್ತೇ ಬಂದುಬಿಡಲಿಲ್ಲ. ಬೆರಳು ಸ್ವಲ್ಪ ನೋಯುತ್ತಲೂ ಇತ್ತು. ಆದರೆ ಗಿಟಾರು ಮಂಚ ಬಿಟ್ಟು ಅವಳ ತೊಡೆಗೆ ಬಂತು. ಮೇ ತಿಂಗಳ ಕೊನೆಯ ವಾರ, ಕರೆಂಟು ಹೋದ ಒಂದು ಸಂಜೆ, ಹಿತ್ತಲ ಕಟ್ಟೆಯಿಂದ ಆರೂ ತಂತಿ ಒಟ್ಟಿಗೆ ನುಡಿದದ್ದು ಕೇಳಿಸಿತು. ಒಂದೂ ತಂತಿ ಸತ್ತಿರಲಿಲ್ಲ. ನನ್ನಾಕೆ ಒಲೆಯ ಮುಂದಿನಿಂದಲೇ “ಬಂತೇನು?” ಎಂದು ಕೂಗಿದಳು. “ಬಂತು, ಸುಮ್ನಿರು, ಹೋಗಿಬಿಡ್ತೈತಿ,” ಎಂದು ಉತ್ತರ ಬಂತು.

ಶಾಲೆ ಶುರುವಾಗಿ ಅವಳೂ ಗಿಟಾರೂ ಹಳಿಯಾಳಕ್ಕೆ ಹೋದರು. ಮಳೆಯೂ ಹಿಡಿಯಿತು. ಮೊನ್ನೆ ರಾತ್ರಿ ಫೋನು.

“ಅಜ್ಜಾ, ಎರಡನೇ ನಾಣ್ಯ ಒಳಗ ಹೊಂಟೈತಿ!”

“ಮಳಿಗಾಲ ತಂಗೀ, ಹೊಟ್ಟಿ ಉಬ್ಬಿರಬೇಕು. ಏನೂ ಮುಟ್ಟಬ್ಯಾಡ.”

“ನಾ ಎಲ್ಲಿ ಮುಟ್ಟಲಿ, ಕೀಲಿ ನಿನ್ನ ಕಡೇನ ಐತಿ. ಅಳತಿ ಎಲ್ಲಾ ಬರದಿಟ್ಟೀನಿ. ಐತವಾರ ಬಾ. ಮತ್ತ ಅಜ್ಜಾ...”

“ಏನವ್ವಾ?”

“ಈ ಸಲ ಉಜ್ಜೂದು ನಾನು.”